ನೀರು ಎಷ್ಟು ಬದಲಾಯಿಸಿದರೂ ನೈಟ್ರೇಟ್ ಯಾಕೆ ಇಳಿಯಲ್ಲ? ರೀಫ್ ಟ್ಯಾಂಕ್ ಇಟ್ಟವರ ಪ್ರಶ್ನೆಗಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಉಪ್ಪುನೀರಿನ ರೀಫ್ ಟ್ಯಾಂಕಿನ (ಅಂದರೆ ಹವಳ ಸಾಕುವ ಅಕ್ವೇರಿಯಂನ) ನೈಟ್ರೇಟ್ ಬಗ್ಗೆಯೇ ಇದ್ದವು. ಒಂದೇ ಥರದವನ್ನೆಲ್ಲ ಒಟ್ಟಿಗೆ ಸೇರಿಸಿ ಆರನ್ನು ತೆಗೆದುಕೊಂಡಿದ್ದೇವೆ. ಮೊದಲನೇ ಉತ್ತರ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ. ಉಳಿದ ಪ್ರಶ್ನೆಗಳ ಬುಡವೂ ಅಲ್ಲೇ ಇದೆ.

ಪ್ರಶ್ನೆ: ನನ್ನದು ಒಂದೂವರೆ ವರ್ಷದ ರೀಫ್ ಟ್ಯಾಂಕ್. ಸಂಪ್ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿ) ಸೇರಿ ಒಟ್ಟು ನೀರು 200 ಲೀಟರ್. ಎರಡು ಕ್ಲೌನ್ ಮೀನು, ಮೂರು ಕ್ರೋಮಿಸ್, ಒಂದು ಯೆಲ್ಲೋ ಟ್ಯಾಂಗ್ ಇವೆ. ಹವಳದಲ್ಲಿ ಲೆದರ್, ಜೋಯಾಂಥಿಡ್ ಮತ್ತು ಒಂದು ಹ್ಯಾಮರ್. ದಿನಕ್ಕೆ ಮೂರು ಸಲ ಕಾಳು ಹಾಕುತ್ತೇನೆ. ನೈಟ್ರೇಟ್ 50 ಪಿಪಿಎಂ (ಲೀಟರಿಗೆ 50 ಮಿಲಿಗ್ರಾಂ) ಹತ್ತಿರ ನಿಂತುಬಿಟ್ಟಿದೆ. ಪ್ರತಿ ವಾರ ತಪ್ಪದೆ 10% ನೀರು ಬದಲಾಯಿಸುತ್ತೇನೆ. ಒಂದು ಸಲ ಅರ್ಧ ನೀರನ್ನೇ ಬದಲಾಯಿಸಿದೆ, ಇಳಿದ ಹಾಗೆ ಮಾಡಿ ಮತ್ತೆ ಅಲ್ಲಿಗೇ ಬಂತು. ಆಕ್ಟಿವೇಟೆಡ್ ಕಾರ್ಬನ್, ಜಿಎಫ್‌ಒ (ಕಬ್ಬಿಣದ ಆಕ್ಸೈಡ್ ಹರಳು), ನೈಟ್ರೇಟ್ ಹೀರುವ ರೆಸಿನ್ ಎಲ್ಲಾ ಹಾಕಿ ನೋಡಿದೆ. ಏನೂ ಪ್ರಯೋಜನ ಆಗಲಿಲ್ಲ.

ಉತ್ತರ: ಮೊದಲು ಆ ಮೂರು ಚೀಲಗಳ ವಿಷಯ ಮುಗಿಸಿಬಿಡೋಣ. ಆಕ್ಟಿವೇಟೆಡ್ ಕಾರ್ಬನ್ ನೀರಿನ ಹಳದಿ ಬಣ್ಣ, ವಾಸನೆ, ಹವಳಗಳು ಬಿಡುವ ರಾಸಾಯನಿಕಗಳನ್ನು ಹಿಡಿಯುತ್ತದೆ, ನೈಟ್ರೇಟನ್ನು ಹಿಡಿಯುವುದಿಲ್ಲ. ಜಿಎಫ್‌ಒ ಫಾಸ್ಫೇಟಿಗೆ ಮಾತ್ರ. ಇನ್ನು ರೆಸಿನ್. ಸಿಹಿನೀರಿನಲ್ಲಿ ಅದು ಕ್ಲೋರೈಡ್ ಬಿಟ್ಟುಕೊಟ್ಟು ನೈಟ್ರೇಟ್ ಹಿಡಿದುಕೊಳ್ಳುತ್ತದೆ. ಆದರೆ ಸಮುದ್ರದ ನೀರಿನಲ್ಲಿ ಲೀಟರಿಗೆ 19 ಗ್ರಾಂನಷ್ಟು ಕ್ಲೋರೈಡ್ ಇರುತ್ತದೆ. ಅಂದರೆ ನಿಮ್ಮ 50 ಮಿಲಿಗ್ರಾಂ ನೈಟ್ರೇಟ್ ಪಕ್ಕದಲ್ಲಿ 19,000 ಮಿಲಿಗ್ರಾಂ ಕ್ಲೋರೈಡ್ ನಿಂತಿದೆ. ಅಷ್ಟು ಜನಸಂದಣಿಯಲ್ಲಿ ರೆಸಿನ್ ಬಡಪಾಯಿ ಏನು ಮಾಡೀತು? ರೆಸಿನ್ ಮತ್ತೆ ಕೊಳ್ಳಬೇಡಿ.

ಈಗ ನಿಮ್ಮ ಟ್ಯಾಂಕಿನ ಜಮಾ-ಖರ್ಚು ನೋಡೋಣ. ನೈಟ್ರೇಟ್ ತಾನಾಗಿ ಹುಟ್ಟುವುದಿಲ್ಲ, ನೀವು ಹಾಕುವ ಆಹಾರದಿಂದಲೇ ಬರುತ್ತದೆ. ಮೀನು ತಿಂದು ಹೊರಹಾಕಿದ್ದು, ತಿನ್ನದೆ ಬಿಟ್ಟು ಕೊಳೆತದ್ದು ಎರಡೂ ಅಮೋನಿಯಾ ಆಗುತ್ತವೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ಇರುವ ಕಡೆ ಕತೆ ಅಲ್ಲಿಗೆ ನಿಲ್ಲುತ್ತದೆ. ಅದನ್ನು ಸಾರಜನಕ ಅನಿಲವಾಗಿ ಗಾಳಿಗೆ ಬಿಡುವ ಬ್ಯಾಕ್ಟೀರಿಯಾ ಆಮ್ಲಜನಕ ಇಲ್ಲದ ಜಾಗದಲ್ಲಿ, ಅಂದರೆ ಜೀವಿಗಳು ನೆಲೆಸಿದ ಸಮುದ್ರದ ಕಲ್ಲಾದ ಲೈವ್ ರಾಕ್‌ನ ಒಳಗಿನ ಸಣ್ಣ ರಂಧ್ರಗಳಲ್ಲಿ, ಮರಳಿನ ಆಳದಲ್ಲಿ ಮಾತ್ರ ಕೆಲಸ ಮಾಡುತ್ತವೆ. ಅವು ನಿಧಾನ, ಅವುಗಳ ಜಾಗವೂ ಕಡಿಮೆ.

ಲೆಕ್ಕಕ್ಕೆ ಬನ್ನಿ. ಒಣ ಕಾಳಿನಲ್ಲಿ 45% ಪ್ರೋಟೀನ್ ಇದೆ ಅಂತಿಟ್ಟುಕೊಳ್ಳಿ, ಡಬ್ಬಿಯ ಹಿಂದೆ ಬರೆದಿರುತ್ತದೆ. ಪ್ರೋಟೀನಿನಲ್ಲಿ ಸುಮಾರು 16% ಸಾರಜನಕ. 1 ಗ್ರಾಂ ಕಾಳಿನಲ್ಲಿ 72 ಮಿಲಿಗ್ರಾಂ ಸಾರಜನಕ ಆಯಿತು. ಅದಿಷ್ಟೂ ನೈಟ್ರೇಟ್ ಆದರೆ (ಆಮ್ಲಜನಕದ ತೂಕವೂ ಸೇರುವುದರಿಂದ) 4.43 ರಿಂದ ಗುಣಿಸಬೇಕು, ಹತ್ತಿರ ಹತ್ತಿರ 320 ಮಿಲಿಗ್ರಾಂ. ನಿಮ್ಮ 200 ಲೀಟರಿಗೆ ಹಂಚಿದರೆ 1.6 ಪಿಪಿಎಂ. ದಿನಕ್ಕೆ 1 ಗ್ರಾಂ ಅಂದರೆ ವಾರಕ್ಕೆ 11 ಪಿಪಿಎಂ! ಎಲ್ಲವೂ ನೈಟ್ರೇಟ್ ಆಗುವುದಿಲ್ಲ ನಿಜ. ಸ್ವಲ್ಪ ಮೀನಿನ ಮೈಗೆ ಹೋಗುತ್ತದೆ, ಸ್ವಲ್ಪ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ) ಎಳೆಯುತ್ತದೆ, ಸ್ವಲ್ಪ ಪಾಚಿ ತಿನ್ನುತ್ತದೆ, ಕಲ್ಲಿನೊಳಗೆ ಒಂದಷ್ಟು ಕರಗುತ್ತದೆ. ಅರ್ಧದಷ್ಟು ಉಳಿಯಿತು ಅಂದುಕೊಂಡರೂ ವಾರಕ್ಕೆ 5 ಪಿಪಿಎಂ ಮೇಲೆ ಜಮಾ. 1 ಗ್ರಾಂ ಅಂದರೆ ಎಷ್ಟು ಕಡಿಮೆ ಅನ್ನೋದು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿದರೆ ಗೊತ್ತಾಗುತ್ತದೆ. ಮೂರು ಹೊತ್ತು ಎರಡು ಬೆರಳಲ್ಲಿ ಚಿಟಿಕೆ ಹಿಡಿದು ಹಾಕುವವರು ಸಲೀಸಾಗಿ ಅದನ್ನು ದಾಟಿರುತ್ತಾರೆ.

ಇನ್ನು ಖರ್ಚು. ವಾರಕ್ಕೆ 10% ನೀರು ಬದಲಾಯಿಸಿದರೆ ಇರುವ ನೈಟ್ರೇಟಿನ 10% ಹೋಗುತ್ತದೆ. 50 ಇದ್ದಾಗ 5 ಹೋಗುತ್ತದೆ, ವಾರದಲ್ಲಿ 5 ವಾಪಸ್ ಬರುತ್ತದೆ. ನಿಮ್ಮ ಟ್ಯಾಂಕ್ 50 ರಲ್ಲಿ ಯಾಕೆ ನಿಂತಿದೆ ಅಂತ ಈಗ ಗೊತ್ತಾಯಿತಲ್ವಾ? ವಾರದ ಗಳಿಕೆಯನ್ನು ನೀರು ಬದಲಾಯಿಸುವ ಪಾಲಿನಿಂದ ಭಾಗಿಸಿ, ಟ್ಯಾಂಕ್ ಕೊನೆಗೆ ಹೋಗಿ ನಿಲ್ಲುವ ಅಂಕಿ ಅದೇ. 5 ನ್ನು 0.10 ರಿಂದ ಭಾಗಿಸಿದರೆ 50. ನೀವು ಒಂದು ಸಲ ಅರ್ಧ ನೀರು ಬದಲಾಯಿಸಿದಾಗ 25 ಕ್ಕೆ ಇಳಿದಿತ್ತು, ಆದರೆ ಗಳಿಕೆ ಮತ್ತು ಖರ್ಚು ಹಳೆಯದೇ ಆಗಿದ್ದರಿಂದ ಏಳು ವಾರದೊಳಗೆ 38 ರ ಹತ್ತಿರ ಬಂದು, ಆಮೇಲೆ ನಿಧಾನಕ್ಕೆ 50 ರ ಕಡೆಗೆ ಹೊರಟಿರಬೇಕು. ಟ್ಯಾಂಕಿಗೆ ಏನೂ ಆಗಿಲ್ಲ. ಅದು ಲೆಕ್ಕದ ಪ್ರಕಾರ ನಡೆದುಕೊಂಡಿದೆ.

ಹಾಗಾಗಿ ಎರಡು ಕಡೆಯಿಂದ ಹಿಡಿಯಬೇಕು. ನೀರು ಬದಲಾವಣೆಯನ್ನು ವಾರಕ್ಕೆ 25% ಮಾಡಿದರೆ ಅದೇ 5 ಪಿಪಿಎಂ ಗಳಿಕೆಗೆ ಟ್ಯಾಂಕ್ 20 ರಲ್ಲಿ ನಿಲ್ಲುತ್ತದೆ. ಜೊತೆಗೆ ಗಳಿಕೆಯನ್ನು 3 ಕ್ಕೆ ಇಳಿಸಿದರೆ 12. ನಿಮ್ಮಲ್ಲಿರುವ ಹವಳಗಳಿಗೆ 5 ರಿಂದ 15 ರ ನಡುವೆ ಎಲ್ಲಿದ್ದರೂ ಚೆನ್ನ. ಅದಕ್ಕಿಂತ ಕೆಳಗೆ ಇಳಿಸಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ನಿಜವಾದ ಹವಳದ ದಿಬ್ಬಗಳ ನೀರಿನಲ್ಲಿ ಸಾಮಾನ್ಯವಾಗಿ 1 ಪಿಪಿಎಂ ಕೂಡ ಇರಲ್ಲ ಅಂತ ಕೇಳಿರುತ್ತೀರಿ. ಸರಿ, ಆದರೆ ಅಲ್ಲಿ ಹಗಲು ರಾತ್ರಿ ಅಲೆ ಹೊತ್ತು ತರುವ ಪ್ಲಾಂಕ್ಟನ್ ಇರುತ್ತದೆ. ನಿಮ್ಮ ಗಾಜಿನ ಪೆಟ್ಟಿಗೆಯಲ್ಲಿ ಅದಿಲ್ಲ.

ಗಳಿಕೆ ಕಡಿಮೆ ಮಾಡೋದು ಹೇಗೆ? ಮೊದಲು ಕಾಳು. ದಿನಕ್ಕೆ ಮೂರು ಸಲ ಹಾಕುವುದು ತಪ್ಪಲ್ಲ, ಮೂರು ಸಲವೂ ಜಾಸ್ತಿ ಹಾಕುವುದು ತಪ್ಪು. ಹಾಕಿದ್ದು ಒಂದೆರಡು ನಿಮಿಷದಲ್ಲಿ ಮೀನಿನ ಬಾಯಿಗೆ ಹೋಗಬೇಕು, ಕಲ್ಲಿನ ಸಂದಿಗೆ ಹೋಗಬಾರದು. ಹಾಕುವಾಗ ಸಂಪಿನ ನೀರನ್ನು ಮೇಲೆತ್ತುವ ರಿಟರ್ನ್ ಪಂಪ್ ಹತ್ತು ನಿಮಿಷ ನಿಲ್ಲಿಸಿ, ಇಲ್ಲದಿದ್ದರೆ ಅರ್ಧ ಕಾಳು ನೇರ ಸಂಪಿಗೆ ಹೋಗಿ ಕಸ ಹಿಡಿಯುವ ಚೀಲವಾದ ಫಿಲ್ಟರ್ ಸಾಕ್‌ನಲ್ಲಿ ಕೂರುತ್ತದೆ. (ಪಂಪ್ ಮತ್ತೆ ಹಾಕೋದು ಮರೆಯಬೇಡಿ. ಟೈಮರ್ ಇದ್ದರೆ ಒಳ್ಳೆಯದು.) ಟ್ಯಾಂಗ್ ಇದೆಯಲ್ಲ, ಅದಕ್ಕೆ ಕಾಳಿಗಿಂತ ನೋರಿ (ಒಣಗಿಸಿದ ಸಮುದ್ರ ಪಾಚಿ) ಎಲೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ ಕೊಡಿ, ಉಳಿದದ್ದನ್ನು ಸಂಜೆ ತೆಗೆದುಹಾಕಿ. ಇನ್ನೊಂದು ಮಾತು: 200 ಲೀಟರ್ ಟ್ಯಾಂಕ್ ಯೆಲ್ಲೋ ಟ್ಯಾಂಗಿಗೆ ಚಿಕ್ಕದು. ಅದು ದಿನವಿಡೀ ಈಜುವ, ಮೇಯುವ ಮೀನು, ತಿನ್ನುವುದೂ ಜಾಸ್ತಿ, ಹೊರಹಾಕುವುದೂ ಜಾಸ್ತಿ. ದೊಡ್ಡ ಟ್ಯಾಂಕ್ ಇರುವವರಿಗೆ ಕೊಡುವುದಾದರೆ ಮೀನಿಗೂ ಒಳ್ಳೆಯದು, ನಿಮ್ಮ ನೈಟ್ರೇಟಿಗೂ ಒಳ್ಳೆಯದು.

ಆಮೇಲೆ ಫಿಲ್ಟರ್ ಸಾಕ್. ಅದರಲ್ಲಿ ಸಿಕ್ಕಿಕೊಂಡ ಕಸ ನೀರಿನಿಂದ ಹೊರಗೆ ಹೋಗಿಲ್ಲ, ನೀರಿನ ದಾರಿಯಲ್ಲೇ ಕೂತು ಕೊಳೆಯುತ್ತಿದೆ. ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸುವುದಾದರೆ ಇಟ್ಟುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ನೆನಪಾಗುತ್ತದೆ ಅನ್ನುವವರು ಕಿತ್ತು ಹಾಕುವುದೇ ವಾಸಿ. ಕ್ಯಾನಿಸ್ಟರ್ ಫಿಲ್ಟರ್ ಒಳಗಿನ ಸ್ಪಂಜಿಗೂ ಇದೇ ಮಾತು.

ಸ್ಕಿಮ್ಮರ್ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಅದರ ಕಪ್ಪಿನ ಕುತ್ತಿಗೆಯನ್ನು ಒಮ್ಮೆ ಬೆರಳಿಂದ ಒರೆಸಿ ನೋಡಿ. ಕಂದು ಬಣ್ಣದ ಜಿಡ್ಡು ದಪ್ಪಗೆ ಕೂತಿದ್ದರೆ ನೊರೆ ಮೇಲೇರಲ್ಲ, ಅಲ್ಲೇ ಒಡೆದು ವಾಪಸ್ ಬೀಳುತ್ತದೆ. ವಾರಕ್ಕೆ ಎರಡು ಸಲ ಆ ಕುತ್ತಿಗೆ ಒರೆಸಿದರೆ ಸಾಕು, ಅದೇ ಸ್ಕಿಮ್ಮರ್ ಹೊಸದರ ಹಾಗೆ ಎಳೆಯುತ್ತದೆ. ಸ್ಕಿಮ್ಮರ್ ನೈಟ್ರೇಟನ್ನು ತೆಗೆಯಲ್ಲ, ನೈಟ್ರೇಟ್ ಆಗುವ ಮೊದಲೇ ಕೊಳೆಯನ್ನು ತೆಗೆಯುತ್ತದೆ. ನೈಟ್ರೇಟ್ ಜಾಸ್ತಿ ಇರುವವರು ಸ್ವಲ್ಪ ದಿನ ತೆಳು ನೊರೆ ಬರುವ ಹಾಗೆ ಇಡಬಹುದು. ಕಪ್ಪು ಗಸಿಯ ಬದಲು ತಿಳಿ ಚಹಾ ಬಣ್ಣದ ನೀರು ಬರುತ್ತದೆ, ಕಪ್ ಬೇಗ ತುಂಬುತ್ತದೆ, ಉಪ್ಪಿನಂಶವೂ ಸ್ವಲ್ಪ ಹೋಗುವುದರಿಂದ ಆಗಾಗ ಅಳೆದುಕೊಳ್ಳಬೇಕು.

ಕೊನೆಗೆ, ಬದಲಾಯಿಸುವ ನೀರನ್ನೇ ಪರೀಕ್ಷೆ ಮಾಡಿ. ಕುಡಿಯುವ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ತನಕ ನೈಟ್ರೇಟ್ ಇರಬಹುದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಮಗೆ ಸರಿ, ರೀಫ್ ಟ್ಯಾಂಕಿಗೆ ಅಲ್ಲ. ಆರ್‌ಒ ನಂತರ ಉಳಿದ ಲವಣಗಳನ್ನು ತೆಗೆಯುವ ಡಿಐ ಹಂತವೂ ಇರಬೇಕು, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ 0 ತೋರಿಸಬೇಕು. ಉಪ್ಪು ಬೆರೆಸಿದ ಹೊಸ ನೀರಿನಲ್ಲೇ 10 ಪಿಪಿಎಂ ಇದ್ದರೆ ಮೇಲಿನ ಲೆಕ್ಕದಲ್ಲಿ ಬಂದ ಅಂಕಿಗಳಿಗೆಲ್ಲ ಇನ್ನೊಂದು 10 ಕೂಡಿಸಿಕೊಳ್ಳಬೇಕಾಗುತ್ತದೆ. ಆವಿಯಾಗಿ ಹೋದದ್ದಕ್ಕೆ ದಿನಾ ನಲ್ಲಿ ನೀರು ಸುರಿಯುವವರದ್ದು ಇನ್ನೂ ಕಷ್ಟ, ನೀರು ಆವಿಯಾದರೂ ನೈಟ್ರೇಟ್ ಆವಿಯಾಗಲ್ಲ.

ಇಷ್ಟನ್ನು ಮಾಡಿ ಆರೆಂಟು ವಾರ ಕಾಯಿರಿ. ವಾರಕ್ಕೆ 5 ಪಿಪಿಎಂ ಇಳಿದರೂ ಒಳ್ಳೆಯ ವೇಗವೇ. 50 ಕ್ಕೆ ಒಗ್ಗಿಕೊಂಡ ಹವಳವನ್ನು ಎರಡು ದಿನದಲ್ಲಿ 5 ಕ್ಕೆ ತಂದರೆ ಅದು ಬಾಯಿ ಮುಚ್ಚಿಕೊಂಡು ಕೂರುತ್ತದೆ.

ಪ್ರಶ್ನೆ: ನನ್ನ ಹತ್ತಿರ ಎರಡು ಟೆಸ್ಟ್ ಕಿಟ್ ಇವೆ. ಒಂದೇ ನೀರಿಗೆ ಒಂದು 10 ಅನ್ನುತ್ತದೆ, ಇನ್ನೊಂದು 45 ಅನ್ನುತ್ತದೆ. ಯಾವುದನ್ನು ನಂಬಲಿ?

ಉತ್ತರ: ಎರಡೂ ನಿಜ ಹೇಳುತ್ತಿರಬಹುದು. ಕೆಲವು ಕಿಟ್ ಪೂರ್ತಿ ನೈಟ್ರೇಟ್ ಅಯಾನನ್ನು ಲೆಕ್ಕ ಹಾಕುತ್ತವೆ, ಕೆಲವು ಅದರೊಳಗಿನ ಸಾರಜನಕವನ್ನು ಮಾತ್ರ. ಚೀಟಿಯಲ್ಲಿ ಎನ್‌ಒ3 ಅಂತ ಇದೆಯಾ, ಎನ್‌ಒ3-ಎನ್ ಅಂತ ಇದೆಯಾ ನೋಡಿ. ಎರಡನೆಯದಾದರೆ ಬಂದ ಅಂಕಿಯನ್ನು 4.43 ರಿಂದ ಗುಣಿಸಿ. 10 ಹೋಗಿ 44 ಆಯಿತು, ಜಗಳ ಮುಗಿಯಿತು. ರೀಫ್ ಟ್ಯಾಂಕ್ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಹೇಳುವುದು ಪೂರ್ತಿ ನೈಟ್ರೇಟಿನ ಅಂಕಿ.

ಚೀಟಿಯಲ್ಲಿ ಎರಡೂ ಒಂದೇ ಥರ ಇದ್ದರೆ ಬೇರೆ ಕಡೆ ಹುಡುಕಬೇಕು. ಎರಡು ಬಾಟಲಿಯ ದ್ರವದ ಕಿಟ್ಟಾದರೆ ಎರಡನೇ ಬಾಟಲಿಯ ಅಡಿಯಲ್ಲಿ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಸುಮ್ನೆ ಒಂದು ಸಲ ಅಲ್ಲಾಡಿಸಿ ಹನಿ ಹಾಕಿದರೆ ಓದು ಕಡಿಮೆ ಬರುತ್ತದೆ. ಮೇಜಿಗೆ ಮೆತ್ತಗೆ ತಟ್ಟಿ, ಅರ್ಧ ನಿಮಿಷ ಜೋರಾಗಿ ಕುಲುಕಿ, ಆಮೇಲೆ ಹನಿ ಹಾಕಿ. ಹೇಳಿದಷ್ಟು ನಿಮಿಷ ಗಡಿಯಾರ ನೋಡಿಯೇ ಕಾಯಿರಿ. ಹೊಸ ಟ್ಯಾಂಕ್ ಆಗಿದ್ದು ನೈಟ್ರೈಟ್ ಇನ್ನೂ ಇದ್ದರೆ ನೈಟ್ರೇಟ್ ಓದು ಸುಳ್ಳೇ ಮೇಲೇರುತ್ತದೆ. ಹೆಚ್ಚಿನ ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಮಾಡಿಕೊಂಡು ಅದರ ಬಣ್ಣ ತೋರಿಸುವುದರಿಂದ, ಮೊದಲೇ ಇರುವ ನೈಟ್ರೈಟ್ ಕೂಡ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ನೈಟ್ರೈಟ್ 0 ಆಗುವ ತನಕ ನೈಟ್ರೇಟ್ ಅಂಕಿಗೆ ಬೆಲೆ ಕೊಡಬೇಡಿ.

ಬಣ್ಣ ಕೊನೆಯ ಗಾಢ ಕೆಂಪಿಗೆ ಹೋಗಿ ಓದಲಾಗದಿದ್ದರೆ 1 ಎಂಎಲ್ ಟ್ಯಾಂಕ್ ನೀರಿಗೆ 4 ಎಂಎಲ್ ಡಿಐ ನೀರು ಸೇರಿಸಿ, ಆ ಮಿಶ್ರಣವನ್ನು ಪರೀಕ್ಷೆ ಮಾಡಿ, ಬಂದದ್ದನ್ನು 5 ರಿಂದ ಗುಣಿಸಿ. ಬಣ್ಣ ನೋಡುವಾಗ ಪ್ರತಿ ಸಲ ಒಂದೇ ಬೆಳಕು ಇರಲಿ. ಟ್ಯಾಂಕಿನ ನೀಲಿ ದೀಪದ ಕೆಳಗೆ ನಿಂತು ಕೆಂಪು ಗುಲಾಬಿ ವ್ಯತ್ಯಾಸ ಹುಡುಕುವವರನ್ನು ನೋಡಿದ್ದೇವೆ. ನೀಲಿ ಬೆಳಕಿನಲ್ಲಿ ಅದು ಯಾರಿಗೂ ಕಾಣಲ್ಲ.

ಪ್ರಶ್ನೆ: ನೈಟ್ರೇಟ್ 40. ಕಾಳು ಕಡಿಮೆ ಮಾಡಿದ್ದೇನೆ, ನೀರು ಬದಲಾಯಿಸುತ್ತಿದ್ದೇನೆ, ಸ್ಕಿಮ್ಮರ್ ಚೆನ್ನಾಗಿದೆ. ಆದರೂ 30 ರ ಕೆಳಗೆ ಬರ್ತಿಲ್ಲ. ವೋಡ್ಕಾ ಅಥವಾ ವಿನೆಗರ್ ಹಾಕಿದರೆ ಇಳಿಯುತ್ತದೆ ಅಂತಾರೆ. ನಿಜಾನಾ, ತಮಾಷೆನಾ?

ಉತ್ತರ: ನಿಜ. ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಇಂಗಾಲ, ಸಾರಜನಕ, ರಂಜಕ ಮೂರೂ ಬೇಕು. ನಿಮ್ಮ ನೀರಿನಲ್ಲಿ ಸಾರಜನಕ ನೈಟ್ರೇಟ್ ರೂಪದಲ್ಲಿ ಬೇಕಾದಷ್ಟಿದೆ, ರಂಜಕ ಫಾಸ್ಫೇಟ್ ರೂಪದಲ್ಲಿ ಸ್ವಲ್ಪ ಇದೆ, ಸುಲಭವಾಗಿ ತಿನ್ನಬಹುದಾದ ಇಂಗಾಲ ಇಲ್ಲ. ವೋಡ್ಕಾದ ಆಲ್ಕೋಹಾಲ್, ವಿನೆಗರಿನ ಅಸಿಟಿಕ್ ಆಮ್ಲ ಎರಡೂ ಅದಕ್ಕೆ ಸಿಗುವ ಇಂಗಾಲ. ಸಿಕ್ಕ ತಕ್ಷಣ ಬ್ಯಾಕ್ಟೀರಿಯಾ ಮೈ ಬೆಳೆಸಿಕೊಳ್ಳಲು ನೈಟ್ರೇಟ್, ಫಾಸ್ಫೇಟ್ ಹೀರಿಕೊಳ್ಳುತ್ತವೆ. ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾವನ್ನು ಸ್ಕಿಮ್ಮರ್ ಎಳೆದು ಹೊರಹಾಕುತ್ತದೆ, ಸ್ವಲ್ಪವನ್ನು ಹವಳಗಳು ತಿನ್ನುತ್ತವೆ. ಸ್ಕಿಮ್ಮರ್ ಇಲ್ಲದ ಟ್ಯಾಂಕಿನಲ್ಲಿ ಇದನ್ನು ಮಾಡಲೇಬಾರದು. ಬ್ಯಾಕ್ಟೀರಿಯಾ ಹೆಚ್ಚಾದಷ್ಟೂ ಆಮ್ಲಜನಕ ಖರ್ಚಾಗುತ್ತದೆ, ಅದನ್ನು ತುಂಬಿಕೊಡುವುದೂ ಅದೇ ಸ್ಕಿಮ್ಮರ್.

ನಮ್ಮ ಆಯ್ಕೆ ವಿನೆಗರ್. 40% ವೋಡ್ಕಾದ ಎಂಟರಲ್ಲಿ ಒಂದು ಭಾಗದಷ್ಟು ಇಂಗಾಲ ಮಾತ್ರ 5% ವಿನೆಗರಿನಲ್ಲಿದೆ, ಹಾಗಾಗಿ ಅಳತೆಯಲ್ಲಿ ಚೂರು ಆಚೀಚೆ ಆದರೂ ಅನಾಹುತ ಆಗಲ್ಲ. ಬಿಳಿ ವಿನೆಗರ್ ಇರಬೇಕು. ಬಣ್ಣ, ಸಕ್ಕರೆ, ಸುವಾಸನೆ ಏನೂ ಸೇರಿರಬಾರದು. 100 ಲೀಟರ್ ನೀರಿಗೆ ದಿನಕ್ಕೆ 0.8 ಎಂಎಲ್ ನಿಂದ ಶುರು ಮಾಡಿ. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆದು, ನೀರು ಜೋರಾಗಿ ಹರಿಯುವ ಕಡೆ, ಹಗಲು ದೀಪ ಹತ್ತಿದ ಮೇಲೆ ಹಾಕಿ. ರಾತ್ರಿ ಹೊತ್ತು ಟ್ಯಾಂಕಿನಲ್ಲಿ ಆಮ್ಲಜನಕವೂ ಪಿಎಚ್ಚೂ ಮೊದಲೇ ಕೆಳಗಿರುತ್ತವೆ, ಆಗ ಬೇಡ. ವಾರಕ್ಕೊಮ್ಮೆ ಅಷ್ಟೇ ಪ್ರಮಾಣ ಹೆಚ್ಚಿಸಿ. ವಾರಕ್ಕೆರಡು ಸಲ ನೈಟ್ರೇಟ್, ಫಾಸ್ಫೇಟ್ ಅಳೆಯಿರಿ. ಎರಡು ಮೂರು ವಾರ ಅಂಕಿ ಅಲ್ಲಾಡುವುದೇ ಇಲ್ಲ. ಹೆಚ್ಚಿನವರು ಅಲ್ಲೇ ತಾಳ್ಮೆ ಕಳೆದುಕೊಂಡು ದುಪ್ಪಟ್ಟು ಸುರಿಯುತ್ತಾರೆ, ಮರುದಿನ ನೀರು ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಮೀನು ಮೇಲೆ ಬಂದು ಬಾಯಿ ಬಡಿಯುತ್ತವೆ. ಹಾಗಾದರೆ ವಿನೆಗರ್ ನಿಲ್ಲಿಸಿ, ಏರ್ ಸ್ಟೋನ್ ಹಾಕಿ, ಸ್ಕಿಮ್ಮರ್ ಓಡುತ್ತಲೇ ಇರಲಿ. ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ.

ಅಂಕಿ ಇಳಿಯಲು ಶುರುವಾದ ದಿನವೇ ಪ್ರಮಾಣ ಏರಿಸುವುದನ್ನು ನಿಲ್ಲಿಸಿ. ಗುರಿ ಮುಟ್ಟಿದ ಮೇಲೆ ಅರ್ಧಕ್ಕೆ ಇಳಿಸಿ, ಆ ಅರ್ಧವನ್ನು ಮುಂದುವರಿಸಿ. ಒಮ್ಮೆಲೇ ನಿಲ್ಲಿಸಬೇಡಿ.

ಇದರಲ್ಲಿ ಯಾರೂ ಹೇಳದ ಒಂದು ವಿಷಯ ಇದೆ, ಕೆಎಚ್, ಅಂದರೆ ನೀರಿನ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿ). ಅದರ ಅಳತೆ ಡಿಕೆಎಚ್. ನೈಟ್ರೇಟ್ ಮೇಲೇರುವಾಗ ಆಲ್ಕಲಿನಿಟಿಯನ್ನು ತಿನ್ನುತ್ತದೆ, 50 ಪಿಪಿಎಂ ಏರಿದರೆ 2 ಡಿಕೆಎಚ್‌ಗಿಂತ ಸ್ವಲ್ಪ ಜಾಸ್ತಿ. ಇಳಿಯುವಾಗ ಅಷ್ಟನ್ನೂ ವಾಪಸ್ ಕೊಡುತ್ತದೆ. ನೀವು ದಿನಾ ಹಾಕುವ ಆಲ್ಕಲಿನಿಟಿ ದ್ರಾವಣವನ್ನು ಹಳೇ ಪ್ರಮಾಣದಲ್ಲೇ ಹಾಕುತ್ತಿದ್ದರೆ ಕೆಎಚ್ ಸದ್ದಿಲ್ಲದೆ 10, 11 ಕ್ಕೆ ಹೋಗಿರುತ್ತದೆ. ಪೋಷಕಾಂಶ ಕಡಿಮೆ, ಕೆಎಚ್ ಜಾಸ್ತಿ ಆದಾಗ ಅಕ್ರೊಪೋರಾದಂತಹ ಹವಳಗಳ ತುದಿ ಸುಟ್ಟ ಹಾಗೆ ಬೆಳ್ಳಗಾಗುತ್ತದೆ. ಆಗ ಎಲ್ಲರೂ ವಿನೆಗರಿಗೆ ಬೈಯುತ್ತಾರೆ. ವಿನೆಗರ್ ಶುರು ಮಾಡಿದ ಮೇಲೆ ಕೆಎಚ್ ಅನ್ನೂ ವಾರಕ್ಕೆರಡು ಸಲ ನೋಡಿ, 7 ರಿಂದ 8.5 ರೊಳಗೆ ಇರಲಿ.

ಪ್ರಶ್ನೆ: ಸಂಪಿನಲ್ಲಿ ರೆಫ್ಯೂಜಿಯಂ (ಪಾಚಿ ಬೆಳೆಸುವ ಭಾಗ) ಮಾಡಿ ಕೀಟೊ ಪಾಚಿ ಹಾಕಿದೆ. ಬೆಳೆಯೋದಿರಲಿ, ಬೆಳ್ಳಗಾಗಿ ತುಂಡು ತುಂಡಾಗುತ್ತಿದೆ. ನೈಟ್ರೇಟ್ 35 ಇದೆ, ತಿನ್ನೋಕೆ ಬೇಕಾದಷ್ಟಿದೆ ಅಲ್ವಾ? ಫಾಸ್ಫೇಟ್ 0. ಜಿಎಫ್‌ಒ ಓಡಿಸುತ್ತಿದ್ದೇನೆ.

ಉತ್ತರ: ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಸಮುದ್ರದ ಸೂಕ್ಷ್ಮ ಜೀವಿಗಳ ಮೈಯಲ್ಲಿ ಇಂಗಾಲ, ಸಾರಜನಕ, ರಂಜಕ 106:16:1 ರ ಪ್ರಮಾಣದಲ್ಲಿರುತ್ತವೆ, ರೆಡ್‌ಫೀಲ್ಡ್ ಅನುಪಾತ ಅಂತ ಹೆಸರು. ದೊಡ್ಡ ಪಾಚಿಗಳಲ್ಲಿ ರಂಜಕ ಇನ್ನೂ ಕಡಿಮೆ ಇರಬಹುದು, ಆದರೆ ಪೂರ್ತಿ ಸೊನ್ನೆಯಲ್ಲಿ ಯಾವುದೂ ಬೆಳೆಯಲ್ಲ. ಜಿಎಫ್‌ಒ ಇದ್ದಬದ್ದ ಫಾಸ್ಫೇಟನ್ನೆಲ್ಲ ಎಳೆದುಕೊಂಡಿದೆ, ಕೀಟೊ ಹಸಿದು ಸಾಯುತ್ತಿದೆ, ನೈಟ್ರೇಟ್ ಹಾಗೇ ಕೂತಿದೆ. ಮೇಲಿನ ಪ್ರಶ್ನೆಯವರೂ ಇದನ್ನು ಓದಿಕೊಳ್ಳಿ, ಫಾಸ್ಫೇಟ್ 0 ಇದ್ದರೆ ವಿನೆಗರೂ ಕೆಲಸ ಮಾಡಲ್ಲ.

ಜಿಎಫ್‌ಒ ತೆಗೆಯಿರಿ. ಫಾಸ್ಫೇಟ್ 0.03 ರಿಂದ 0.1 ಪಿಪಿಎಂ ನಡುವೆ ಬರಲಿ. ಕೊಳೆತ ಪಾಚಿಯನ್ನು ತೆಗೆದು ಹೊಸದಾಗಿ ಒಂದು ಹಿಡಿ ಹಾಕಿ. ದೀಪ ಜೋರಾಗಿರಬೇಕು. ಡಿಸ್‌ಪ್ಲೇ (ಮುಖ್ಯ ಟ್ಯಾಂಕ್) ದೀಪ ಆರಿದ ಮೇಲೆ ರಾತ್ರಿ ಹೊತ್ತು 10–12 ಗಂಟೆ ಹಚ್ಚಿದರೆ ರಾತ್ರಿಯ ಪಿಎಚ್ ಕುಸಿತವೂ ಸ್ವಲ್ಪ ತಪ್ಪುತ್ತದೆ. ಪಾಚಿಯ ಉಂಡೆ ನಿಧಾನಕ್ಕೆ ಉರುಳುವಷ್ಟು ನೀರಿನ ಓಟ ಇರಲಿ, ಇಲ್ಲದಿದ್ದರೆ ಮೇಲ್ಭಾಗ ಹಸಿರು, ಒಳಗೆ ಕೊಳೆ. ಉಂಡೆ ಜಾಗ ತುಂಬಿದಾಗ ಅರ್ಧ ಕಿತ್ತು ಎಸೆಯಿರಿ. ನೈಟ್ರೇಟ್ ಟ್ಯಾಂಕಿನಿಂದ ಹೋಗುವುದು ಆ ಎಸೆದ ಅರ್ಧದ ಜೊತೆ. ಚೆನ್ನಾಗಿ ಬೆಳೆದಿದೆ ಅಂತ ಖುಷಿಯಲ್ಲಿ ನೋಡುತ್ತಾ ಕೂತರೆ ಹೋಗಲ್ಲ. ಕಾಲರ್ಪಾ ಅನ್ನುವ ಇನ್ನೊಂದು ಪಾಚಿ ಹಾಕಬಹುದಾ ಅಂತ ಕೆಲವರು ಕೇಳಿದ್ದಾರೆ. ಬೆಳೆಯುತ್ತದೆ, ಆದರೆ ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ ಬೀಜಾಣು ಬಿಟ್ಟು ಪಾರದರ್ಶಕವಾಗಿ, ಹೀರಿಕೊಂಡದ್ದನ್ನೆಲ್ಲ ನೀರಿಗೇ ವಾಪಸ್ ಕೊಡುತ್ತದೆ. ಕೀಟೊ ಸಾಕು.

ಪ್ರಶ್ನೆ: ನನ್ನದು ಉಲ್ಟಾ ಕಷ್ಟ. ತಿಂಗಳುಗಟ್ಟಲೆ ಕಷ್ಟಪಟ್ಟು ನೈಟ್ರೇಟ್ 0, ಫಾಸ್ಫೇಟ್ 0 ಮಾಡಿದೆ. ಈಗ ಹವಳ ಎಲ್ಲಾ ಪೇಲವ, ಮರಳಿನ ಮೇಲೆ ಕಂದು ಬಣ್ಣದ ಲೋಳೆ, ಅದರಲ್ಲಿ ಗುಳ್ಳೆಗಳು. ದಿನಾ ತೆಗೆದರೂ ಸಂಜೆಗೆ ಮತ್ತೆ ಬರುತ್ತದೆ.

ಉತ್ತರ: ಡೈನೊಫ್ಲಾಜೆಲೇಟ್ ಅನ್ನುವ ಏಕಕೋಶ ಜೀವಿ ಇರಬೇಕು. ಆ ಲೋಳೆಯ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ, ಮಕ್ಕಳ ಸಾಧಾರಣ ಸೂಕ್ಷ್ಮದರ್ಶಕ ಸಾಕು. ಅಕ್ಕಿಕಾಳಿನ ಆಕಾರದ ಅಥವಾ ದುಂಡನೆಯ ಕಂದು ಕಣಗಳು ಓಡಾಡುತ್ತಿದ್ದರೆ, ಗಿರಗಿರ ತಿರುಗುತ್ತಿದ್ದರೆ ಡೈನೊ. ಬರೀ ಉದ್ದ ಎಳೆಗಳಿದ್ದರೆ ಸಯನೊಬ್ಯಾಕ್ಟೀರಿಯಾ.

ಹವಳದ ಮೈಯೊಳಗಿನ ಪಾಚಿಗೂ ಸಾರಜನಕ ಬೇಕು. ನೀವು ಪೂರ್ತಿ ಬರಿದು ಮಾಡಿದಾಗ ಅದೂ ಸೊರಗಿತು, ಡೈನೊಗೆ ಪೈಪೋಟಿ ಕೊಡುವ ಬೇರೆ ಪಾಚಿ ಬ್ಯಾಕ್ಟೀರಿಯಾಗಳೂ ಸೊರಗಿದವು, ಅದಕ್ಕೆ ಮೈದಾನ ಖಾಲಿ ಸಿಕ್ಕಿತು. ಇಂಗಾಲದ ಡೋಸಿಂಗ್ (ವೋಡ್ಕಾ, ವಿನೆಗರ್ ಹಾಕುವುದು) ಇದ್ದರೆ ಹಂತ ಹಂತವಾಗಿ ಇಳಿಸಿ, ಜಿಎಫ್‌ಒ ತೆಗೆಯಿರಿ, ರೆಫ್ಯೂಜಿಯಂ ದೀಪದ ಸಮಯ ಅರ್ಧ ಮಾಡಿ, ಮೀನಿಗೆ ಧಾರಾಳವಾಗಿ ತಿನ್ನಿಸಿ. ಅದರಿಂದಲೂ ಏರದಿದ್ದರೆ ಅಕ್ವೇರಿಯಂಗೆಂದೇ ಸಿಗುವ ನೈಟ್ರೇಟ್ ಮತ್ತು ಫಾಸ್ಫೇಟ್ ದ್ರಾವಣ ಹಾಕಬಹುದು. ನೈಟ್ರೇಟ್ 5, ಫಾಸ್ಫೇಟ್ 0.05 ಕ್ಕಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಿ. ಇದು ಮುಗಿಯುವ ತನಕ ದೊಡ್ಡ ಪ್ರಮಾಣದಲ್ಲಿ ನೀರು ಬದಲಾಯಿಸಬೇಡಿ. ರಾತ್ರಿ ಹೊತ್ತು ನೀರಿಗೆ ತೇಲಿಬರುವ ಜಾತಿಯಾದರೆ ಯುವಿ ಸ್ಟೆರಿಲೈಸರ್ ಚೆನ್ನಾಗಿ ಕೆಲಸ ಮಾಡುತ್ತದೆ, ಮರಳಿನಲ್ಲೇ ಅಂಟಿಕೊಂಡಿರುವ ಜಾತಿಗೆ ಅಷ್ಟಾಗಿ ಉಪಯೋಗವಿಲ್ಲ. ದೀಪ ಆರಿ ಎರಡು ಗಂಟೆ ಬಿಟ್ಟು ಟಾರ್ಚ್ ಹಾಕಿ ನೋಡಿ, ಮರಳು ಬೆಳ್ಳಗೆ ಕಂಡರೆ ಮೊದಲನೇ ಜಾತಿ.

ಪ್ರಶ್ನೆ: ಮರಳನ್ನು ಸೈಫನ್ ಮಾಡಬೇಕಾ, ಮುಟ್ಟಬಾರದಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ಮರಳು 4 ಸೆಂಟಿಮೀಟರ್ ದಪ್ಪ ಇದೆ, ಮೂರು ವರ್ಷದಿಂದ ಮುಟ್ಟಿಲ್ಲ.

ಉತ್ತರ: ಮುಟ್ಟಬಾರದು ಅನ್ನುವವರು ಆಳದ ಮರಳಿನ ಬಗ್ಗೆ ಹೇಳುತ್ತಿರುತ್ತಾರೆ. 10 ಸೆಂಟಿಮೀಟರಿಗಿಂತ ಜಾಸ್ತಿ ನುಣ್ಣನೆ ಮರಳು ಹಾಕಿದರೆ ಕೆಳಗೆ ಆಮ್ಲಜನಕ ಇಲ್ಲದ ಪದರ ಆಗುತ್ತದೆ, ನೈಟ್ರೇಟನ್ನು ಅನಿಲ ಮಾಡುವ ಬ್ಯಾಕ್ಟೀರಿಯಾ ಅಲ್ಲಿರುತ್ತವೆ. ಮೊನಾಕೋದಲ್ಲಿ ಜೀವವಿಜ್ಞಾನಿ ಜಾನ್ ಜೋಬೇರ್ ಮರಳಿನ ಅಡಿಯಲ್ಲಿ ನೀರಿನ ಖಾಲಿ ಪದರ ಬಿಟ್ಟು ಮಾಡಿದ ಪದ್ಧತಿಯ ಹಿಂದೆಯೂ ಇದೇ ಯೋಚನೆ ಇತ್ತು. ಅಂತಹ ಮರಳನ್ನು ಕೆದಕಿದರೆ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹೊರಬಂದು ಮೀನು ಸಾಯಬಹುದು.

ನಿಮ್ಮ 4 ಸೆಂಟಿಮೀಟರ್ ಎರಡೂ ಅಲ್ಲ. ನೈಟ್ರೇಟ್ ತೆಗೆಯುವಷ್ಟು ಆಳ ಇಲ್ಲ, ಕಸ ಹಿಡಿದಿಟ್ಟುಕೊಳ್ಳುವಷ್ಟು ದಪ್ಪ ಇದೆ. ಸೈಫನ್ ಮಾಡಿ, ಆದರೆ ಮೂರು ವರ್ಷದ ಕಸವನ್ನು ಒಂದೇ ದಿನ ಎಬ್ಬಿಸಬೇಡಿ. ಪ್ರತಿ ಸಲ ನೀರು ಬದಲಾಯಿಸುವಾಗ ಕಾಲು ಭಾಗ ಮಾತ್ರ. ಮುಂದಿನ ಗಾಜಿನಿಂದ ಶುರು ಮಾಡಿ, ಪೈಪನ್ನು ಅಡಿಯ ಗಾಜಿನ ತನಕ ಇಳಿಸಿ, ಮರಳು ಪೈಪಿನೊಳಗೆ ಅರ್ಧ ಏರಿ ಕಂದು ನೀರು ಹೋಗಿ ತಿಳಿಯಾದ ಮೇಲೆ ಪಕ್ಕಕ್ಕೆ ಸರಿಯಿರಿ. ಹವಳದ ಕಲ್ಲು ನಿಂತಿರುವ ಬುಡದ ಮರಳನ್ನು ಎಳೆಯಬೇಡಿ, ಕಲ್ಲು ಜರುಗುತ್ತದೆ. ಮೊದಲ ಸಲ ಕಪ್ಪು ಮರಳು, ವಾಸನೆ ಕಂಡರೆ ಆ ಜಾಗ ಅಲ್ಲಿಗೇ ಬಿಟ್ಟು, ಹೊಸ ಕಾರ್ಬನ್ ಹಾಕಿ, ಮುಂದಿನ ವಾರ ಅಂಚಿನಿಂದ ಸ್ವಲ್ಪ ಸ್ವಲ್ಪವೇ ಒಳಗೆ ಹೋಗಿ. ಕೆಲಸ ಮುಗಿದ ಮರುದಿನ ಒಮ್ಮೆ ಅಮೋನಿಯಾ ಪರೀಕ್ಷೆ ಮಾಡಿಕೊಳ್ಳಿ.